ಹೊಂಗೆಮರದ ಕೆಳಗಿನ ಕಲ್ಲು

ಬಸವೇಶ್ವರನಗರದ ಸೈಟಿನಲ್ಲಿ ಪಾಯ ತೋಡುವಾಗ ಸಿಕ್ಕ ಕಲ್ಲನ್ನು ಶ್ಯಾಮಸುಂದರ ಹಿತ್ತಿಲಿನ ಹೊಂಗೆಮರದ ಕೆಳಗೆ ನಿಲ್ಲಿಸಿದ್ದ. ಎದೆಯೆತ್ತರದ ಕಲ್ಲು. ಮಣ್ಣು ಮೆತ್ತಿದ ಅದರ ಮೈಮೇಲೆ ಹೆಣ್ಣಿನ ಆಕಾರ ಕಂಡಂತಾಗಿ ಅವನ ಹೆಂಡತಿ ಪಂಕಜಾ, ಇದು ಗೌರಿ ಅಂದಳು. ಮನೆ ಸುಸೂತ್ರವಾಗಿ ಎದ್ದಿತು, ಆಫೀಸಿನಲ್ಲಿ ಗಂಡನಿಗೆ ಬಡ್ತಿ ಬಂತು. ಎಲ್ಲ ಗೌರಿಯ ದಯೆ ಎಂದು ಅವಳು ಶುಕ್ರವಾರ ಶುಕ್ರವಾರ ಬಳಿದ ಎಣ್ಣೆ, ಅರಿಶಿನ, ಕುಂಕುಮ ಕಲ್ಲಿನ ಮೇಲೆ ದಪ್ಪ ಪದರವಾಗಿ ಕೂತಿತು.

ಶ್ಯಾಮಸುಂದರನ ತಂಗಿ ಅಂಬುಜಾ ಮಾತ್ರ ಅದರ ಹತ್ತಿರ ಸುಳಿಯುವಂತಿರಲಿಲ್ಲ. ಗಂಡ ಕಾಮಾಲೆಯಿಂದ ತೀರಿಕೊಂಡ ಮೇಲೆ, ಇನ್ನೂ ಮೂವತ್ತು ತುಂಬದ ಅವಳು ಅಣ್ಣನ ಮನೆ ಸೇರಿದ್ದಳು. ಪಂಕಜಾ ಕೆಟ್ಟವಳಲ್ಲ. "ನೀನು ಒಳಗಿರಮ್ಮ, ಮುತ್ತೈದೆಯರು ಬರೋ ಹೊತ್ತು" ಎಂದು ಮೆತ್ತಗೇ ಹೇಳುತ್ತಿದ್ದಳು. ಅಷ್ಟು ಮೆತ್ತಗೆ ಹೇಳುತ್ತಿದ್ದುದರಿಂದಲೇ ಅಂಬುಜಾಗೆ ಎದುರಾಡಲು ಬಾಯಿ ಬರುತ್ತಿರಲಿಲ್ಲ.

ಎಪ್ಪತ್ತಾರರಲ್ಲಿ, ಹಳೇ ಶಿಲ್ಪಗಳನ್ನು ಇಟ್ಟುಕೊಂಡವರು ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು ಜಾರಿಗೆ ಬಂತು. ಅದೇ ಹೊತ್ತಿಗೆ ಹಳೇ ಸಾಮಾನಿನ ವ್ಯಾಪಾರಿಯೊಬ್ಬ ಬಂದು ಕಲ್ಲನ್ನು ಸುತ್ತುಹಾಕಿ ನೋಡಿ, "ಸರ್ಕಾರಕ್ಕೆಲ್ಲ ಯಾಕೆ ಸಾರ್, ನಂಗೆ ಕೊಟ್ಬಿಡಿ" ಅಂದ. ಶ್ಯಾಮಸುಂದರ ಬಹಳ ದಿನದಿಂದ ಮಹಡಿ ಕಟ್ಟಿಸುವ ಲೆಕ್ಕದಲ್ಲಿದ್ದ. ಕೊಡುವ ಮೊದಲು ಇದರ ನಿಜವಾದ ಬೆಲೆ ಏನೆಂದು ತಿಳಿಯೋಣವೆಂದು, ಪುರಾತತ್ವ ಇಲಾಖೆಯಿಂದ ನಿವೃತ್ತರಾಗಿ ರಾಜಾಜಿನಗರದಲ್ಲಿದ್ದ ವೆಂಕಟಗಿರಿಯವರನ್ನು ಒಂದು ಭಾನುವಾರ ಕರೆತಂದ.

ವೆಂಕಟಗಿರಿ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದರು. "ಈ ಪದರ ಬಿಡಿಸದೆ ಏನೂ ಹೇಳಕ್ಕಾಗಲ್ಲ. ಬಿಸಿನೀರು, ಸೀಗೆಪುಡಿ ಕೊಡಿ."

ಪಂಕಜಾ ಹಿಂಜರಿದಳು. "ಕುಂಕುಮ ಅಳಿಸೋದಾ? ನನ್ನ ಕೈಯಲ್ಲಿ ಆಗಲ್ಲಪ್ಪ."

ಶ್ಯಾಮಸುಂದರನಿಗೂ ಧೈರ್ಯ ಬರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಂಬುಜಾ ಒಳಗೆ ಹೋಗಿ ಬಿಸಿನೀರಿನ ಬಕೆಟ್ ತಂದಳು. "ನಾನು ತೊಳೀತೀನಿ." ಬೇಡ ಅನ್ನಲು ಯಾರಿಗೂ ಕಾರಣ ಸಿಗಲಿಲ್ಲ.

ಅವಳು ತೆಂಗಿನ ನಾರಿನಿಂದ ನಿಧಾನವಾಗಿ ಉಜ್ಜಿದಳು. ಕೆಂಪು ನೀರು ಮರದ ಬುಡಕ್ಕೆ ಇಳಿಯಿತು. ಮೊದಲು ಒಂದು ಕಂಬ ಕಂಡಿತು. ಆಮೇಲೆ ಕಂಬದಿಂದ ಹೊರಟು, ಮೊಣಕೈ ಮಡಿಸಿ ಮೇಲೆತ್ತಿದ ಒಂದೇ ಒಂದು ಕೈ. ಮುಂಗೈ ತುಂಬ ಬಳೆ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ನಿಂಬೆಹಣ್ಣು. ಕಂಬದ ಪಕ್ಕದಲ್ಲಿ ಪುಟ್ಟದಾಗಿ ಒಬ್ಬ ಗಂಡಸು, ಒಬ್ಬ ಹೆಂಗಸು. ಕೆಳಗೆ ಸವೆದ ಎರಡು ಸಾಲು ಅಕ್ಷರ.

"ಇದು ಗೌರಿಯಲ್ಲಮ್ಮ, ಮಾಸ್ತಿಕಲ್ಲು" ಅಂದರು ವೆಂಕಟಗಿರಿ. "ಗಂಡ ಸತ್ತಾಗ ಅವನ ಚಿತೆ ಏರಿದವಳ ನೆನಪಿಗೆ ನಿಲ್ಲಿಸೋದು. ಅಕ್ಷರ ನೋಡಿದ್ರೆ ನಾನೂರು ವರ್ಷದ್ದಿರಬೇಕು." ಕನ್ನಡಕ ಒರೆಸಿಕೊಂಡು ಸಾಲುಗಳ ಮೇಲೆ ಬೆರಳಾಡಿಸಿದರು. "ಯಾರೋ ಗೌಡನ ಹೆಂಡತಿ. ಕೊಂಡಕ್ಕೆ ಬಿದ್ದಳು ಅಂತಿದೆ. ಅವಳ ಹೆಸರಿದ್ದ ಜಾಗದಲ್ಲಿ ಚಕ್ಕೆ ಎದ್ದುಹೋಗಿದೆ."

ಪಂಕಜಾ ಬಾಯಿಗೆ ಸೆರಗು ಹಿಡಿದು ನಿಂತಲ್ಲೇ ಕೂತಳು. ಇಷ್ಟು ದಿನ ಮುತ್ತೈದೆ ಭಾಗ್ಯ ಬೇಡಿದ್ದು ಸುಟ್ಟುಹೋದವಳ ಹತ್ತಿರವೇ?

"ಬೆಲೆ ಎಷ್ಟಾಗಬಹುದು ಸಾರ್?" ಶ್ಯಾಮಸುಂದರನ ದನಿ ತಗ್ಗಿತ್ತು.

"ಮಾರೋಕೆ ಹೋದ್ರೆ ಹೆಚ್ಚೇನಿಲ್ಲ. ಇಂಥವು ಬೇಕಾದಷ್ಟಿವೆ, ಇದು ಮುಕ್ಕಾಗಿದೆ ಬೇರೆ. ಆದ್ರೆ ಇಲ್ಲಿ ಲೇಔಟ್ ಆಗೋ ಮುಂಚೆ ಒಂದು ಊರಿತ್ತು ಅನ್ನೋದಕ್ಕೆ ನಾನು ಬೇರೆ ಸಾಕ್ಷಿ ನೋಡಿಲ್ಲ. ಆ ಬೆಲೆ ನಾನು ಕಟ್ಟಲಾರೆ."

ಅಂಬುಜಾ ಇನ್ನೂ ಕಲ್ಲಿನ ಮುಂದೆಯೇ ಇದ್ದಳು. "ಅವಳಾಗಿ ಅವಳೇ ಹೋದಳೋ, ಮನೆಯವರೇ ತಳ್ಳಿದರೋ?"

ವೆಂಕಟಗಿರಿ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು. "ಅದನ್ನ ಕಲ್ಲು ಹೇಳಲ್ಲಮ್ಮ. ಬರೆಸಿದೋರು ಬದುಕಿದ್ದೋರು."

ಅವರು ಹೋದ ಮೇಲೆ ಪಂಕಜಾ, "ಮನೇಲಿ ಇದು ಬೇಡಾರೀ, ಆ ವ್ಯಾಪಾರಿಗೇ ಕೊಟ್ಬಿಡಿ" ಎಂದು ಅಳತೊಡಗಿದಳು. ಶ್ಯಾಮಸುಂದರ ತಂಗಿಯ ಕಡೆ ನೋಡಿದ. ಒದ್ದೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅವಳು ಕಲ್ಲನ್ನೇ ನೋಡುತ್ತಿದ್ದಳು. ಅವಳು ಬಂದಾಗಿನಿಂದ ಮನೆಯ ಯಾವ ವಿಷಯಕ್ಕೂ ಅವಳನ್ನು ಕೇಳಿರಲಿಲ್ಲ ಎಂಬುದು ಆಗ ಅವನಿಗೆ ಹೊಳೆಯಿತು.

"ನೀನೇನಂತೀಯ ಅಂಬು?"

"ಪೂಜೆ ಬೇಡ ಅಣ್ಣ. ಅವಳು ಸತ್ತಿದ್ದನ್ನ ನಾವು ಹೊಗಳೋದು ಬೇಡ. ಮಾರೋದೂ ಬೇಡ. ಏನಾಯ್ತು ಅಂತ ನಾಲ್ಕು ಜನ ಓದೋ ಕಡೆ ಇರಲಿ."

ಪಂಕಜಾ ಅಳು ನಿಲ್ಲಿಸಿದಳು. ಸ್ವಲ್ಪ ಹೊತ್ತಾದ ಮೇಲೆ ಎದ್ದು ಬಂದು, ನಾದಿನಿಯ ಪಕ್ಕದಲ್ಲಿ ಕೂತು, ಅಕ್ಷರಗಳ ಸಂದಿಯಲ್ಲಿ ಉಳಿದಿದ್ದ ಕುಂಕುಮವನ್ನು ತಾನೇ ಕಡ್ಡಿಯಿಂದ ಬಿಡಿಸತೊಡಗಿದಳು.

ಶ್ಯಾಮಸುಂದರ ಕೇಳಿಕೊಂಡದ್ದಕ್ಕೆ ವೆಂಕಟಗಿರಿಯವರು ಓಡಾಡಿ, ಕಲ್ಲನ್ನು ಇಟ್ಟುಕೊಳ್ಳಲು ಮ್ಯೂಸಿಯಮ್ಮಿನವರನ್ನು ಒಪ್ಪಿಸಿದರು. ಮಳೆ ಶುರುವಾಗುವ ಮುಂಚೆ ಒಂದು ಬೆಳಿಗ್ಗೆ ಟೆಂಪೋ ಬಂತು. ಶ್ಯಾಮಸುಂದರನಿಗೆ ಅವತ್ತು ರಜೆ ಸಿಗಲಿಲ್ಲ.

"ನಾನು ಜೊತೇಲಿ ಹೋಗಿ ಬರ್ತೀನಿ" ಅಂದಳು ಅಂಬುಜಾ.

ಡ್ರೈವರ್ ಪಕ್ಕದಲ್ಲಿ ಕೂತು ಮಾಗಡಿ ರಸ್ತೆ ದಾಟಿ, ಊರ ಆಚೆ ಬದಿಯ ಕಸ್ತೂರ್ಬಾ ರಸ್ತೆಯ ಮ್ಯೂಸಿಯಮ್ಮಿನವರೆಗೂ ಹೋದಳು. ಕಲ್ಲನ್ನು ಜಗಲಿಯ ಗೋಡೆಗೆ ನಿಲ್ಲಿಸುವಾಗ ಅಲ್ಲಿನ ಗುಮಾಸ್ತ, "ಏನಂತ ಬರೆಯೋಣಮ್ಮ?" ಎಂದು ಕೇಳಿದ.

"ಮಾಸ್ತಿಕಲ್ಲು, ಬಸವೇಶ್ವರನಗರ ಅಂತ ಬರೀರಿ. ಹೆಂಗಸಿನ ಹೆಸರು ಅಳಿಸಿಹೋಗಿದೆ ಅಂತಾನೂ ಬರೀರಿ."

ವಾಪಸ್ಸು ಬರಲು ಟೆಂಪೋ ಇರಲಿಲ್ಲ. ಗಂಡ ಹೋದ ಮೇಲೆ ಅವಳು ಒಬ್ಬಳೇ ಬಸ್ಸು ಹತ್ತಿರಲಿಲ್ಲ. ಮೆಜೆಸ್ಟಿಕ್ಕಿನ ಗದ್ದಲದಲ್ಲಿ ನಾಲ್ಕು ಜನರನ್ನು ಕೇಳಿ ಸರಿಯಾದ ಬಸ್ಸು ಹುಡುಕಿದಳು. ಕಿಟಕಿ ಪಕ್ಕದ ಸೀಟು ಸಿಕ್ಕಿತು. ಕಂಡಕ್ಟರ್ ಬಂದು ಎಲ್ಲಿಗೆ ಅಂದಾಗ, ಗಟ್ಟಿಯಾಗಿ ಹೇಳಿ ಟಿಕೆಟ್ ತೆಗೆದುಕೊಂಡಳು.