ಒಂದೇ ಮೇಜಿನ ಹೋಟೆಲು

"ಇನ್ನು ಮುಂದೆ ಇಲ್ಲಿ ಯಾರಿಗೂ ಬೇರೆ ಮೇಜು ಇರೋದಿಲ್ಲ. ನಾನಿರೋವರೆಗೂ ಇಲ್ಲ, ನನ್ನ ಮಕ್ಕಳಿರೋವರೆಗೂ ಇಲ್ಲ."

ಮೂವತ್ತೆಂಟು ವರ್ಷದ ಹಿಂದೆ, ಕಾಲೇಜಿನೊಳಗೆ ಹೋಟೆಲು ನಡೆಸುತ್ತಿದ್ದ ಅಪ್ಪ ಈ ಮಾತು ಕೊಟ್ಟದ್ದು ಅಲ್ಲಿ ಕಸ ಗುಡಿಸುವ ಮುದುಕನಿಗೆ. ಮುದುಕ ತಟ್ಟೆ ಹಿಡಿದು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ. ಒಳಗೆ ಬಾ ಎಂದರೆ, "ಮೇಷ್ಟ್ರುಗಳೆಲ್ಲ ಕೂತಿದ್ದಾರೆ, ನನಗೆ ಇಲ್ಲೇ ಗಾಳಿ ಚೆನ್ನಾಗಿದೆ" ಅಂದಿದ್ದ. ಮರುದಿನವೇ ಅಪ್ಪ ಇದ್ದ ನಾಲ್ಕು ಮೇಜುಗಳನ್ನು ಮಾರಿ, ಬಡಗಿಯನ್ನು ಕರೆಸಿ, ಗೋಡೆಯಿಂದ ಗೋಡೆಗೆ ಒಂದೇ ಮೇಜು ಮಾಡಿಸಿದ. ಬಡಗಿ ಒಳಗೇ ಕೂತು ಜೋಡಿಸಿ, ಮೊಳೆ ಹೊಡೆದು ಮುಗಿಸಿದ ಮೇಲೆ ತಲೆ ಕೆರೆದುಕೊಂಡ. "ಇದು ಬಾಗಿಲಲ್ಲಿ ಹೊರಗೆ ಹೋಗಲ್ಲವಲ್ಲ?" "ಹೊರಗೆ ಯಾಕಪ್ಪ ಹೋಗ್ಬೇಕು?" ಅಂದ ಅಪ್ಪ.

ಅಂದಿನಿಂದ ಒಂದೇ ಕಟ್ಟಳೆ: ಬಂದವರು ಖಾಲಿ ಇರುವ ಮುಂದಿನ ಜಾಗದಲ್ಲಿ ಕೂರಬೇಕು, ಆರಿಸುವ ಹಾಗಿಲ್ಲ. ಪ್ರಿನ್ಸಿಪಾಲರು ತಾವೇ ಹೊರಹಾಕಿದ ಹುಡುಗನ ಪಕ್ಕ ಕೂತು ಚಹಾ ಕುಡಿದದ್ದುಂಟು. ಹನ್ನೊಂದು ವರ್ಷ ಮಾತು ಬಿಟ್ಟಿದ್ದ ಇಬ್ಬರು ಗಣಿತದ ಮೇಷ್ಟ್ರುಗಳು ಉಪ್ಪಿನ ಡಬ್ಬಿ ದಾಟಿಸಲು ಬಾಯಿ ಬಿಟ್ಟದ್ದು ಇಲ್ಲೇ. ಊಟ ಮುಗಿಯುವ ಮೊದಲು ಮತ್ತೆ ಜಗಳವಾಡಿದ್ದೂ ಇಲ್ಲೇ.

ಅಪ್ಪನ ನಂತರ ಹೋಟೆಲು ಮಗಳ ಕೈಗೆ ಬಂತು. ಊರೆಲ್ಲ ಅವಳನ್ನು ಅಕ್ಕ ಅನ್ನುತ್ತದೆ. ಕೊಠಡಿ ಮಾತ್ರ ಕಾಲೇಜಿನದು.

ಒಂದು ದಿನ ಕಾಲೇಜಿನ ಮ್ಯಾನೇಜರು ಕಾಗದ ಹಿಡಿದು ಬಂದ. ಕೂರಲಿಲ್ಲ, ಖಾಲಿ ಇದ್ದ ಜಾಗ ಪೇಂಟಿನವನ ಪಕ್ಕದಲ್ಲಿತ್ತು.

"ನಡುವೆ ಗಾಜಿನ ಗೋಡೆ ಬರುತ್ತೆ. ಆ ಕಡೆ ಅಧ್ಯಾಪಕರು, ಈ ಕಡೆ ಉಳಿದವರು. ನಾಳೆ ಬಡಗಿ ಬಂದು ಮೇಜು ಕೊಯ್ತಾನೆ. ಒಪ್ಪದಿದ್ರೆ ಭಾನುವಾರದೊಳಗೆ ಕೊಠಡಿ ಖಾಲಿ ಮಾಡಿ."

"ಉಳಿದವರು ಅಂದ್ರೆ ಯಾರು ಸಾರ್?" ಅಕ್ಕ ಸೌಟು ಕೆಳಗಿಡಲಿಲ್ಲ.

"ನಿಮಗೇ ಗೊತ್ತಲ್ಲ."

"ನನಗೆ ಹಸಿದವರು ಗೊತ್ತು."

ಸಂಜೆ ಅಕ್ಕನ ತಮ್ಮ ರಸ್ತೆಯಾಚೆಯ ತನ್ನ ಸೈಕಲ್ ರಿಪೇರಿ ಶೆಡ್ಡಿನಿಂದ ಎಣ್ಣೆಗೈಯಲ್ಲೇ ಓಡಿ ಬಂದ. "ಅಕ್ಕ, ಒಂದು ಗಾಜು ತಾನೆ? ಹಾಕಿಸ್ಕೋ. ಮೊಂಡುತನ ಹೊಟ್ಟೆ ತುಂಬಿಸಲ್ಲ."

"ಹೊಟ್ಟೆ ತುಂಬಿಸೋದಕ್ಕೆ ನಾನಿದ್ದೀನಿ. ಮೊಂಡುತನ ಅಪ್ಪ ಬಿಟ್ಟು ಹೋದ ಆಸ್ತಿ, ಅದರಲ್ಲಿ ನಿನಗೂ ಪಾಲಿದೆ. ನಿನ್ನ ಶೆಡ್ಡಿನ ಉದ್ದ ಎಷ್ಟು?"

ತಮ್ಮ ಹಣೆ ಚಚ್ಚಿಕೊಂಡ. ಆಮೇಲೆ ಟೇಪು ತರಲು ಹೋದ.

ಮರುದಿನ ಬಡಗಿ ಗರಗಸದೊಂದಿಗೆ ಬಂದ. ಅಕ್ಕ ಅವನನ್ನು ಕೂರಿಸಿ ಮೊದಲು ಊಟ ಬಡಿಸಿದಳು. ಕೈ ತೊಳೆದು ಬಂದವನು ಮುಖ ನೋಡದೆ ಕೇಳಿದ: "ಅಕ್ಕ, ಎಲ್ಲಿ ಕೊಯ್ಯಲಿ?"

"ಬಾಗಿಲು ಕೊಯ್ಯಪ್ಪ."

"ಏನಂದ್ರಿ?"

"ಆ ಚೌಕಟ್ಟು ನಮ್ಮಪ್ಪ ಹಾಕಿಸಿದ್ದು, ನೀನು ಕೊಯ್ದು ತೆಗಿ, ಗೋಡೆಯ ತೂತು ಗಾರೆಯವನ ಕೈಯಲ್ಲಿ ದೊಡ್ಡದು ಮಾಡಿಸ್ತೀನಿ. ಮೇಜು ಹೊರಗೆ ಹೋದ ಮೇಲೆ ಮೊದಲಿದ್ದ ಹಾಗೆ ಕಟ್ಟಿಸಿ ಕಾಲೇಜಿಗೆ ಬೀಗದ ಕೈ ಕೊಡ್ತೀನಿ. ಮೇಜಿಗೆ ಗರಗಸ ಮುಟ್ಟಿಸಿದ್ರೆ ಮಾತ್ರ, ಈಗ ತಿಂದಿದ್ದು ನಿನಗೆ ಅರಗೋದಿಲ್ಲ."

ಭಾನುವಾರ ಹದಿನಾಲ್ಕು ಜನ ಮೇಜನ್ನು ಹೆಗಲ ಮೇಲೆ ಹೊತ್ತು ರಸ್ತೆ ದಾಟಿಸಿದರು. ಹೆಗಲು ಕೊಟ್ಟವರಲ್ಲಿ ಇಬ್ಬರು ಅಧ್ಯಾಪಕರೂ ಇದ್ದರು. ಮ್ಯಾನೇಜರು ಗೇಟಿನ ಹತ್ತಿರ ನಿಂತು, "ಆ ತಗಡಿನ ಕೆಳಗೆ ಎಷ್ಟು ದಿನ ನಡೆಸ್ತೀರ ನೋಡ್ತೀನಿ" ಅಂದ.

"ನೋಡೋಕೆ ಬಂದವರೂ ಕೂತೇ ನೋಡ್ಬೇಕು ಸಾರ್. ಜಾಗ ಸಿಕ್ಕ ಕಡೆ."

ಸೋಮವಾರ ಬೆಳಿಗ್ಗೆ ಶೆಡ್ಡಿನಲ್ಲಿ ಒಲೆ ಹೊತ್ತಿತು. ಅರ್ಧದಷ್ಟು ಗಿರಾಕಿಗಳು ಬರಲಿಲ್ಲ. ಬಂದವರು ಸಾಲಾಗಿ ಕೂತರು. ಅಪ್ಪ ಕೊಟ್ಟ ಮಾತು ಉಳಿಯಿತು.