ಕ್ರೇನ್ ಕಂಪನಿಯವರು ಕೊಟ್ಟ ಡೈರಿ

"ನನಗೆ ಬೇಡ ಅನ್ನಲು ಬರುವುದಿಲ್ಲ. ಇವತ್ತು ಈ ಡೈರಿಯನ್ನೂ ಬೇಡ ಅನ್ನಬೇಕಿತ್ತು. ಬಾಯಿ ತೆರೆಯುವಷ್ಟರಲ್ಲಿ ಕೈ ಮುಂದೆ ಹೋಗಿತ್ತು."

ಜನವರಿ ಮೂರರಂದು ನನ್ನ ಮೈಮೇಲೆ ಬಿದ್ದ ಮೊದಲ ಬರಹ ಇದು. ಬರೆದವಳು ಶಾಲ್ಮಲಾ. ನಾನು ಆ ಡೈರಿ.

ನಾನು ಹುಟ್ಟಿದ್ದು ಹುಬ್ಬಳ್ಳಿಯ ಒಂದು ಮುದ್ರಣಾಲಯದ ಹಿಂಬದಿಯ ಕೋಣೆಯಲ್ಲಿ. ಐನೂರು ಅಣ್ಣತಮ್ಮಂದಿರು ನಾವು. ದಾರ ಪೋಣಿಸಿ ಹೊಲಿದರು, ಅಂಟು ಹಚ್ಚಿದರು, ಕಂದು ರೆಕ್ಸಿನ್ನಿನ ಅಂಗಿ ತೊಡಿಸಿದರು. ಎದೆಯ ಮೇಲೆ ಬಂಗಾರದ ಬಣ್ಣದಲ್ಲಿ ಒಂದು ಕಂಪನಿಯ ಹೆಸರು ಒತ್ತಿದರು. ಕಾರ್ಖಾನೆಗಳ ಛಾವಣಿಯ ಕೆಳಗೆ, ಹಳಿಗಳ ಮೇಲೆ ಓಡಾಡುತ್ತ ಭಾರ ಎತ್ತುವ ಕ್ರೇನುಗಳನ್ನು ತಿಂಗಳು ತಿಂಗಳೂ ನೋಡಿಕೊಳ್ಳುವ ಕಂಪನಿ ಅದು. ಹೆಸರು ಇಲ್ಲಿ ಬೇಡ. ಶಾಲ್ಮಲಾಳ ಹೆಬ್ಬೆರಳು ತಾಗಿ ತಾಗಿ ಅದು ಹೇಗೂ ಅರ್ಧ ಅಳಿಸಿಹೋಗಿದೆ.

ಆ ಕಂಪನಿಯ ಪ್ರತಿನಿಧಿ ಶಾನಭಾಗ ನನ್ನನ್ನು ಚೀಲದಲ್ಲಿ ಹಾಕಿಕೊಂಡು ತಾರಿಹಾಳದ ಎರಕದ ಕಾರ್ಖಾನೆಗೆ ಬಂದ. ದೊಡ್ಡ ಡೈರಿಯನ್ನು ನಿರ್ವಹಣಾ ವಿಭಾಗದ ಮ್ಯಾನೇಜರ್ ಹುಲಕೋಟಿ ಸಾಹೇಬರ ಮೇಜಿಗೆ ಇಟ್ಟ. ನನ್ನನ್ನು ಮೂಲೆಯ ಕುರ್ಚಿಯಲ್ಲಿ ಕೂತ ಹುಡುಗಿಯ ಕಡೆ ಚಾಚಿದ. ಬಿ.ಎಸ್ಸಿ. ಮುಗಿಸಿ ಆಗಷ್ಟೇ ಕೆಲಸಕ್ಕೆ ಸೇರಿದ್ದಳು. ಯಾರಾದರೂ ಕರೆದರೆ ಮೊದಲು ಸೆರಗು ಸರಿಮಾಡಿಕೊಂಡು ಆಮೇಲೆ ತಲೆ ಎತ್ತುವಳು.

"ಸರ್, ನನಗ..." ಅಂದಳು.

"ಥ್ಯಾಂಕ್ಸ್ ಏನೂ ಬ್ಯಾಡ್ರಿ ಮೇಡಂ. ಬರೇ ಡೈರಿ ಅದ. ಇದರಾಗ ವಿಷ ಏನರ ಇಟ್ಟೀನೇನ್ರೀ?" ಎಂದು ನಕ್ಕು ಹೋದ.

ಆ ವಾರವೇ ಸಾಹೇಬರು ಅವಳಿಗೆ ಒಂದು ಕೆಲಸ ಹಚ್ಚಿದರು. ಕ್ರೇನ್ ನೋಡಿಕೊಳ್ಳುತ್ತಿದ್ದ ಹಳಬರ ಕರಾರು ಮುಗಿದಿತ್ತು. "ಎರಡು ಪಾರ್ಟಿ ಬಂದಾವ ನೋಡು. ತೂಗಿ ನೋಡಿ ಒಂದನ್ನ ಆರಿಸಿ ಬರದು ತಾ. ನಾ ಸಹಿ ಹಾಕ್ತೀನಿ."

ಒಂದು ಪಾರ್ಟಿ ಶಾನಭಾಗನ ಕಂಪನಿ. ಅವರಿಂದ ಬಣ್ಣದ ಪುಸ್ತಿಕೆ ಬಂತು. ಇನ್ನೊಂದು ಪಾರ್ಟಿ ಅಂದರೆ ಫಕೀರಪ್ಪ ಬಡಿಗೇರ ಎಂಬ ಒಬ್ಬನೇ ಮನುಷ್ಯ. ಕುರ್ಚಿ ತೋರಿಸಿದರೆ ಅವನು ಕೂರಲಿಲ್ಲ. "ಏಣಿ ಎಲ್ಲೈತ್ರೀ?" ಎಂದು ಕೇಳಿದ. ಒಂದು ತಾಸಿನ ಮೇಲೆ ಇಳಿದು ಬಂದಾಗ ಮೊಣಕೈವರೆಗೂ ಗ್ರೀಸ್, ಹುಬ್ಬಿನಲ್ಲಿ ಜೇಡರ ಬಲೆ.

"ಬ್ರೇಕಿನ ಲೈನರ್ ಸವದು ಹಾಳಿಯಷ್ಟ ತೆಳ್ಳಗ ಆಗೇತ್ರಿ. ಮದಲ ಎರಡು ದಿನ ಕ್ರೇನ್ ನಿಲ್ಲಸ್ರಿ. ಉಳದ ಮಾತು ಆಮ್ಯಾಲ."

ಸಾಹೇಬರು ನಕ್ಕರು. "ಡಾಕ್ಟರ ಕಡೆ ಹೋದ್ರ ರೋಗ ಇಲ್ಲ ಅಂತಾನೇನು? ಎರಡು ದಿನ ಕ್ರೇನ್ ನಿಲ್ಲಿಸಿದ್ರ ದೊಡ್ಡವರು ನನ್ನ ನಿಲ್ಲಸ್ತಾರ."

ಆ ಸಂಜೆ ಶಾಲ್ಮಲಾ ನನ್ನ ಪುಟದಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದಳು. ಕರೆದರೆ ಎಷ್ಟು ಹೊತ್ತಿಗೆ ಬರುತ್ತಾರೆ? ಬಿಡಿಭಾಗ ಇಟ್ಟುಕೊಂಡಿದ್ದಾರೆಯೇ? ಬೇರೆ ಕಾರ್ಖಾನೆಯವರು ಏನನ್ನುತ್ತಾರೆ? ಇವೆಲ್ಲದರಲ್ಲಿ ಇಬ್ಬರೂ ಸರಿಸುಮಾರು ಒಂದೇ. ಕೊನೆಗೆ ಇನ್ನೊಂದು ಸಾಲು ಸೇರಿಸಿದಳು: ದರ ಹೇಳುವ ಮೊದಲು ಮೇಲೆ ಹತ್ತಿ ನೋಡಿದರೇ? ಬಡಿಗೇರ, ಹೌದು. ಇನ್ನೊಂದು ಕಡೆ, ಇಲ್ಲ.

ಪೆನ್ಸಿಲು ಅಲ್ಲೇ ನಿಂತಿತು. ಆಮೇಲೆ ಕೆಳಗೆ ಬರೆದಳು: "ಬೆಳಗ್ಗೆ ಶಾನಭಾಗರು ಫೋನ್ ಮಾಡಿ ಅವ್ವನ ಮಂಡಿನೋವು ಹೇಗಿದೆ ಎಂದು ಕೇಳಿದರು. ಅವ್ವನನ್ನು ಕೇಳಿದವರಿಗೆ ಹೇಗೆ ಇಲ್ಲ ಅನ್ನಲಿ? ಇದು ದಾಕ್ಷಿಣ್ಯವೋ ಪುಕ್ಕಲುತನವೋ, ನನಗೇ ತಿಳಿಯದು."

ಮರುದಿನ ಟೈಪಾದ ಕೋಷ್ಟಕದಲ್ಲಿ ಆ ಕೊನೆಯ ಸಾಲು ಇರಲಿಲ್ಲ. ಶಾನಭಾಗನ ಕಂಪನಿಯೇ ಗೆದ್ದಿತು. ನಾನಂತೂ ಆ ದಾಕ್ಷಿಣ್ಯದ್ದೇ ಒಂದು ತುಂಡು, ರೆಕ್ಸಿನ್ ಹೊದಿಸಿ ಕೊಟ್ಟದ್ದು.

ಕಂಪನಿಯಿಂದ ತಿಂಗಳಿಗೊಮ್ಮೆ ಒಬ್ಬ ತಂತ್ರಜ್ಞ ಬರುತ್ತಿದ್ದ. ಚಹಾ ಕುಡಿದು, ಕ್ರೇನಿನ ಕೆಳಗೆ ನಿಂತು, ಮಳೆ ಬರುತ್ತದೋ ಇಲ್ಲವೋ ಎಂದು ನೋಡುವವರ ಹಾಗೆ ಮೇಲೆ ನೋಡುತ್ತಿದ್ದ. ಆಮೇಲೆ ತಪಾಸಣೆಯ ಹಾಳೆ ತುಂಬುತ್ತಿದ್ದ. ಮೊದಲ ಸಾಲಿಗೆ "ಪರೀಕ್ಷಿಸಲಾಗಿದೆ, ಸರಿ ಇದೆ". ಅದರ ಕೆಳಗೆ ಬ್ರೇಕಿಗೆ "ಮೇಲಿನಂತೆ", ಹಗ್ಗಕ್ಕೆ "ಮೇಲಿನಂತೆ", ಕೊಕ್ಕೆಗೆ "ಮೇಲಿನಂತೆ". ಕಾರ್ಖಾನೆಯ ಪರವಾಗಿ ಶಾಲ್ಮಲಾ ಸಹಿ ಹಾಕಬೇಕು.

ಕ್ರೇನ್ ನಡೆಸುವ ಮಾಬುಸಾಬ ನದಾಫ ಒಮ್ಮೆ ಆ ಹಾಳೆಯನ್ನು ಇಣುಕಿ ನೋಡಿದ. ನೆಲದ ಮೇಲೆ ನಿಂತು, ಮೇಲಿನಿಂದ ಇಳಿಬಿದ್ದ ಬಟನ್ ಪೆಟ್ಟಿಗೆ ಹಿಡಿದು ಇಪ್ಪತ್ತೆರಡು ವರ್ಷ ಅದೇ ಕ್ರೇನ್ ನಡೆಸಿದವನು.

"ಅಲ್ಲವಾ ತಂಗೀ, ಮ್ಯಾಲ ಹತ್ತದನ ಮೇಲಿನಂತೆ ಅಂತ ಬರದ್ರ ಹೆಂಗ? ಕೆಳಗಿನಂತೆ ಅಂತರ ಬರೀಬೇಕಿತ್ತು."

ಎಲ್ಲರೂ ನಕ್ಕರು. ಶಾಲ್ಮಲಾಳೂ ನಕ್ಕಳು, ನಗುತ್ತಲೇ ಸಹಿ ಹಾಕಿದಳು. ಸಂಜೆ ನನ್ನಲ್ಲಿ ಬರೆದಳು: "ಬಡಿಗೇರರು ಇಳಿದಾಗ ಮೈಯೆಲ್ಲ ಕಪ್ಪಾಗಿತ್ತು. ಇವರ ಅಂಗಿ ಬೆಳ್ಳಗೇ ಇರುತ್ತದೆ. ಇವರು ಹತ್ತಿಲ್ಲ. ನನಗೆ ಗೊತ್ತು." ಮಾರ್ಚಿನಲ್ಲಿ ಹೀಗೆ ಬರೆದಳು. ಏಪ್ರಿಲಿನಲ್ಲಿ ಬರೆದಳು. ಜುಲೈವರೆಗೂ ಬರೆದಳು. ಬರೆದಾದ ಮೇಲೆ ನನ್ನನ್ನು ಮುಚ್ಚಿ, ನಿಟ್ಟುಸಿರು ಬಿಟ್ಟು, ಹಾಯಾಗಿ ಊಟಕ್ಕೆ ಏಳುತ್ತಿದ್ದಳು.

ನನ್ನ ತಪ್ಪು ಅಲ್ಲೇ ಇತ್ತು. ನನಗೆ ಹೇಳಿದರೆ ಅವಳಿಗೆ ಊರಿಗೆಲ್ಲ ಹೇಳಿದಷ್ಟು ಹಗುರವಾಗುತ್ತಿತ್ತು. ನಾನೋ, ಕೇಳಿದ್ದನ್ನೆಲ್ಲ ನುಂಗಿಕೊಂಡು ಸುಮ್ಮನಿರುವ ಜಾತಿ. ಅವಳು ನನ್ನನ್ನು ನಂಬಿದಷ್ಟೂ ಹೊರಗೆ ಬಾಯಿ ಕಟ್ಟಿತು.

ಆಗಸ್ಟಿನ ಒಂದು ಮಧ್ಯಾಹ್ನ ನಾನು ಡ್ರಾವರಿನಲ್ಲಿದ್ದೆ. ನೆಲ ಅದುರಿದ್ದು ನನಗೂ ತಿಳಿಯಿತು. ಮಾಬುಸಾಬ ಎರಕದ ಅಚ್ಚನ್ನು ಇಳಿಸುತ್ತ, ಮೊಣಕಾಲಿನ ಎತ್ತರಕ್ಕೆ ಬಂದಾಗ ಬಟನ್ ಬಿಟ್ಟಿದ್ದ. ಬ್ರೇಕ್ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಆ ದಿನದ ಪುಟದಲ್ಲಿ ಅವಳು ಬರೆದದ್ದು ಎರಡೇ ಪದ: "ಮೂರು ಬೆರಳು."

ಅವನ ಬಲಗಾಲಿನ ಬೆರಳುಗಳು ಅವು.

ಕಾರ್ಖಾನೆಯಲ್ಲಿ ಮಾತು ಬೇಗ ತಿರುಗಿತು. "ಕಾಗದ ಎಲ್ಲಾ ಸರಿ ಅದಾವು," ಎಂದರು ಹುಲಕೋಟಿ ಸಾಹೇಬರು. "ಹಂಗಾರ ಅವನೇ ತಪ್ಪು ಬಟನ್ ಒತ್ತ್ಯಾನ." ವಿಚಾರಣೆಯಲ್ಲಿ ಹಾಗೆಂದು ತೀರ್ಮಾನವಾದರೆ ಮಾಬುಸಾಬನ ಕೆಲಸ ಹೋದ ಹಾಗೆಯೇ.

ಶಾಲ್ಮಲಾ ಆಸ್ಪತ್ರೆಗೆ ಹೋದಾಗ ನಾನೂ ಅವಳ ಚೀಲದಲ್ಲಿದ್ದೆ. ಮಾಬುಸಾಬ ಅವಳಿಗೆ ಕೂರಲು ಸ್ಟೂಲ್ ತೋರಿಸಿದ.

"ನಾ ಬಟನ್ ಮ್ಯಾಲಿಂದ ಬೆರಳ ತಗದಿದ್ನೆವಾ. ಕಾಲಿನ ಬೆರಳು ಹೋದವು, ಹೋಗ್ಲಿ. ಆದ್ರ ಈ ಕೈಬೆರಳ ಸುಳ್ಳ ಮಾಡೂದು ಬ್ಯಾಡ."

ಅವಳು ಮೂಸಂಬಿ ಸುಲಿದು ಕೊಟ್ಟಳು. ಮನೆಗೆ ಬಂದು ನನ್ನಲ್ಲಿ ನಾಲ್ಕು ಪುಟ ಬರೆದಳು. ಆ ದಿನ ಮಾತ್ರ ಬರೆದ ಮೇಲೂ ನಿಟ್ಟುಸಿರು ಬರಲಿಲ್ಲ. ಊಟಕ್ಕೂ ಏಳಲಿಲ್ಲ. ನನ್ನ ಹೊಟ್ಟೆ ತುಂಬಿತ್ತು, ಅವಳ ಎದೆ ಖಾಲಿಯಾಗಿರಲಿಲ್ಲ.

ಈಗ ನಾನು ಅವಳ ಮನೆಯ ಟ್ರಂಕಿನಲ್ಲಿದ್ದೇನೆ, ಹಳೆಯ ಅಂಕಪಟ್ಟಿಗಳ ಕೆಳಗೆ. ವರ್ಷ ಮುಗಿದ ಡೈರಿಯಷ್ಟು ಬೇಡವಾದ ವಸ್ತು ಇನ್ನೊಂದಿಲ್ಲ. ಸೆಪ್ಟೆಂಬರ್ ಹನ್ನೊಂದರ ನಂತರ ನನ್ನ ಪುಟಗಳೆಲ್ಲ ಬಿಳಿ. ಅದಕ್ಕೆ ನನಗೆ ಬೇಸರವಿಲ್ಲ. ಬೇಸರ ಇರುವುದು ತುಂಬಿದ ಪುಟಗಳ ಬಗ್ಗೆ. ಅಷ್ಟೂ ಮಾತು ಮಾರ್ಚಿನಲ್ಲೇ ಗಾಳಿಗೆ ಬಿದ್ದಿದ್ದರೆ ಒಬ್ಬ ಮನುಷ್ಯ ಇವತ್ತು ನೆಟ್ಟಗೆ ನಡೆಯುತ್ತಿದ್ದ.

ಸೆಪ್ಟೆಂಬರ್ ಹನ್ನೊಂದು ವಿಚಾರಣೆಯ ದಿನ. ಮುಖ್ಯ ಕಚೇರಿಯಿಂದ ಒಬ್ಬ ಅಧಿಕಾರಿ ಬಂದಿದ್ದರು. ಬದಿಗೆ ಹುಲಕೋಟಿ ಸಾಹೇಬರು, ಎದುರಿಗೆ ಊರುಗೋಲು ತೊಡೆಯ ಮೇಲಿಟ್ಟುಕೊಂಡ ಮಾಬುಸಾಬ. ಎಲ್ಲರೂ ಹೇಳಿದ್ದನ್ನು ಬರೆದುಕೊಳ್ಳಲು ಶಾಲ್ಮಲಾ. ನಾನು ಅವಳ ಮಡಿಲ ಚೀಲದಲ್ಲಿ.

ಅಧಿಕಾರಿ ತಪಾಸಣೆಯ ಹಾಳೆಗಳನ್ನು ಒಂದೊಂದಾಗಿ ತಿರುವಿದರು. "ಪ್ರತಿ ತಿಂಗಳೂ ನೋಡಿದ್ದಾರೆ. ಎಲ್ಲ ಸರಿ ಇದೆ. ಬರೆದುಕೊಳ್ಳಮ್ಮಾ: ನಡೆಸುವವನ ಅಜಾಗರೂಕತೆಯಿಂದ..."

ಪೆನ್ನು ಓಡುವ ಸದ್ದು ನಿಂತಿತು.

"ಬರೀವಾ," ಎಂದರು ಸಾಹೇಬರು.

ಅವಳ ಕೈ ಚೀಲದ ಮೇಲಿಂದ ನನ್ನನ್ನು ಒಮ್ಮೆ ಒತ್ತಿತು. ತೆಗೆಯುತ್ತಾಳೆ, ಓದುತ್ತಾಳೆ ಎಂದುಕೊಂಡೆ. ತೆಗೆಯಲಿಲ್ಲ. ಎದ್ದು ನಿಂತಳು. ದನಿ ಎಷ್ಟು ಸಣ್ಣದಿತ್ತೆಂದರೆ ಅಧಿಕಾರಿ ಮುಂದೆ ಬಾಗಿ ಕೇಳಬೇಕಾಯಿತು.

"ಕ್ರೇನ್ ಮ್ಯಾಲ ಯಾರೂ ಹತ್ತಿರಲಿಲ್ರಿ ಸರ್. ಅದು ಗೊತ್ತಿದ್ದೂ ನಾನು ಸಹಿ ಹಾಕೀನಿ."