ಕ್ವಾರಿಯ ನೀರು ಎಲ್ಲಿಗೆ ಹೋಗುತ್ತದೆ

ನಮ್ಮಪ್ಪ ಆಂಜಿನಪ್ಪ ಊರ ಕೆರೆಯ ನೀರುಗಂಟಿ. ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವವನು. ಸ್ವಂತ ಗದ್ದೆಗೂ ಒಂದು ಗಳಿಗೆ ಹೆಚ್ಚು ಬಿಟ್ಟವನಲ್ಲ. ಅದಕ್ಕಾಗಿ ಅಮ್ಮ ಬೈದು ಬೈದು ಸುಸ್ತಾಗಿದ್ದಳು.

ತೊಂಬತ್ತೇಳರಲ್ಲಿ ಹೆಬ್ಬಗೋಡಿ ಕಡೆ ಫ್ಯಾಕ್ಟರಿ, ಬಾಡಿಗೆ ಮನೆಗಳು ಹೆಚ್ಚಿದ ಹಾಗೆಲ್ಲ ಕಸವೂ ಹೆಚ್ಚಿತು. ಅದನ್ನು ಸುರಿಯಲು ಜಾಗ ಹುಡುಕುತ್ತ ಇಂಜಿನಿಯರ್ ರುದ್ರೇಶ್ ಜೀಪಿನಲ್ಲಿ ನಮ್ಮೂರಿಗೆ ಬಂದರು. ಅವರ ಪಟ್ಟಿಯಲ್ಲಿ ಎರಡೇ ಜಾಗ ಉಳಿದಿದ್ದವು. ಒಂದು, ಗುಡ್ಡದಾಚೆಯ ಹಳೇ ಕಲ್ಲುಕ್ವಾರಿ. ಇನ್ನೊಂದು, ನಮ್ಮ ದನ ಮೇಯುವ ಗೋಮಾಳ, ಗಟ್ಟಿ ಜೇಡಿಮಣ್ಣಿನ ನೆಲ.

ಕ್ವಾರಿಯ ಕೆಳಗೆ ಕೆಂಪಯ್ಯನಹಳ್ಳಿ. ಕಾಲುವೆ ಒಡೆದು ನಮ್ಮ ನೀರು ತಿರುಗಿಸಿಕೊಂಡಿದ್ದ ಪುಣ್ಯಾತ್ಮರ ಊರು. ನಮಗೂ ಅವರಿಗೂ ಹಾವು ಮುಂಗುಸಿ. ಊರ ಹಿರಿಯ ವೆಂಕಟರಮಣಪ್ಪ ಬೆಳಿಗ್ಗೆಯೇ ಬಂದು ಅಪ್ಪನಿಗೆ ಪಾಠ ಹೇಳಿಕೊಟ್ಟ.

"ಕ್ವಾರಿ ನೀರು ಎಲ್ಲೂ ಓಗಲ್ಲ ಅನ್ನು, ಸಾಕು. ನಿನ್ ಮಾತು ಇಂಜಿನಿಯರು ನಂಬ್ತಾರೆ. ಇಲ್ದಿದ್ರೆ ಕಸ ನಮ್ ತಲೆ ಮ್ಯಾಲೆ."

ಅಪ್ಪ ಚಪ್ಪಲಿ ಮೆಟ್ಟಿ ಕ್ವಾರಿಯ ಕಡೆ ಹೊರಟ. ಹಾಗೇ ಹೇಳಿಬಿಡಲಿ ಎಂದೇ ನಾನು ಹರಕೆ ಹೊತ್ತಿದ್ದೆ, ಸುಳ್ಳೇಕೆ.

ಕ್ವಾರಿಯ ಅಂಚಿನಲ್ಲಿ ಊರೇ ಸೇರಿತ್ತು. "ಯಜಮಾನ್ರೇ, ಈ ನೀರು ಇಂಗಿ ಎಲ್ಲಿಗೆ ಹೋಗುತ್ತೆ?" ಎಂದರು ರುದ್ರೇಶ್.

ಅಪ್ಪ ಬಂಡೆಯ ಬಿರುಕು ತೋರಿಸಿದ. "ಇದು ಕೆಳಗಿನ ಊರುಗಂಟ ಐತೆ ಸಾರ್. ಮಳೆಗೆ ಇಲ್ಲಿ ಕೆಂಪು ನೀರು ನಿಂತ್ರೆ ನಾಕನೇ ದಿನ ಕೆಂಪಯ್ಯನಳ್ಳಿ ಬಾವಿ ಕೆಂಪಗಾಯ್ತದೆ. ಇಲ್ಲಿ ಕಸ ಆಕಿದ್ರೆ ಅವ್ರು ಅದನ್ನೇ ಕುಡೀಬೇಕು."

"ಗೋಮಾಳದಲ್ಲಿ?"

ಅಪ್ಪ ಒಮ್ಮೆ ನಮ್ಮೂರವರ ಮುಖ ನೋಡಿದ. "ಅಲ್ಲಿ ನೀರು ಇಂಗಲ್ಲ. ಕಸಕ್ಕೆ ಅದೇ ಸರಿ."

ರುದ್ರೇಶ್ ಕ್ವಾರಿ ನೀರಿಗೆ ಬಣ್ಣ ಹಾಕಿ ಕಾದರು. ನಾಲ್ಕನೇ ದಿನ ಆ ಬಣ್ಣ ಕೆಂಪಯ್ಯನಹಳ್ಳಿಯ ಬಾವಿಯಲ್ಲಿತ್ತು. ವರದಿಯಲ್ಲಿ ನಮ್ಮ ಗೋಮಾಳದ ಹೆಸರು ಬಿತ್ತು.

ಅರಳಿಕಟ್ಟೆಯಲ್ಲಿ ಪಂಚಾಯ್ತಿ ಸೇರಿತು. "ಉಂಡ ಮನೆಗೆ ಎರಡು ಬಗೆದೋನು ನೀರುಗಂಟಿ ಆಗಿರ್ಬಾರ್ದು," ಎಂದ ವೆಂಕಟರಮಣಪ್ಪ. "ಆಗ್ಲಿ," ಎಂದು ಅಪ್ಪ ಟವೆಲ್ ಕೊಡವಿ ಎದ್ದ.

"ಇನ್ಮೇಲೆ ನನ್ ತಮ್ಮ ನೋಡ್ಕತಾನೆ," ಎಂದ ವೆಂಕಟರಮಣಪ್ಪ.

"ನಿನ್ ತಮ್ಮನಾ?" ದೊಡ್ಡಮುನಿಯಪ್ಪ ಎಗರಿಬಿದ್ದ. "ನಿಮ್ ಗದ್ದೆ ತುಂಬೋಗಂಟ ನಮ್ಗೆ ಒಂದು ಬೊಗಸೆ ಸಿಕ್ತದಾ?"

ದೊಡ್ಡಮುನಿಯಪ್ಪನ ಹೆಸರು ಬಂದಾಗ ಇನ್ನೊಬ್ಬರು ಬೇಡವೆಂದರು. ಹೀಗೆ ಏಳು ಹೆಸರು ಬಂದವು, ಏಳೂ ಬಿದ್ದವು. ಕೊನೆಗೆ ಲಕ್ಷ್ಮಮ್ಮ ಎದ್ದಳು. ಅವಳ ನಾಲ್ಕು ಹಸುವಿಗೂ ಆ ಗೋಮಾಳವೇ ಗತಿ. ಅಪ್ಪನ ಮೇಲೆ ಎಲ್ಲರಿಗಿಂತ ಹೆಚ್ಚು ಕೆಂಡ ಕಾರುತ್ತಿದ್ದವಳು ಅವಳು.

"ಈ ಮುಂಡೇದ್ರ ಮೂತಿ ನೋಡಾಕೂ ನಂಗಿಷ್ಟ ಇಲ್ಲ. ಆದ್ರೆ ನೀರು ಅವ್ನೇ ಬಿಡ್ಲಿ."

ನೀರುಗಂಟಿ ಅಪ್ಪನೇ ಎಂದಾಯಿತು, ಪಂಚಾಯ್ತಿ ಚದುರಿತು.

ತೂಬು ಎತ್ತಿದ ದಿನವೂ ಅಪ್ಪನನ್ನು ಯಾರೂ ಮಾತಾಡಿಸಲಿಲ್ಲ. ಆದರೆ ತಮ್ಮ ಸರದಿಯ ನೀರು ಸರಿಯಾಗಿ ಬಂತೇ ಎಂದು ನೋಡಲೂ ಒಬ್ಬರೂ ಬರಲಿಲ್ಲ. ಅಪ್ಪನ ಹಿಂದೆ ಬದುವಿನ ಮೇಲೆ ನಾನು ನಡೆದೆ, ಊರಿಗೆಲ್ಲ ಕಾಣುವ ಹಾಗೆ, ತಲೆ ಎತ್ತಿ.